ವಿಚಾರಣೆಯವರ ಮನೆಗೆ ಬಂದ ಕೂಸು

ಬಸ್ ನಿಲ್ದಾಣದಲ್ಲಿ ನನ್ನದು ಪಾಸ್ ಕೊಡುವ ಕಿಟಕಿ. ಪಕ್ಕದ್ದು ವಿಚಾರಣೆಯ ಕಿಟಕಿ. ನಡುವೆ ಒಂದು ಹಲಗೆ. ಆ ಹಲಗೆಯಾಚೆ ಕೂರುವವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ವಿಚಾರಣೆಯವರು. ಬೆಳಗಿನಿಂದ ಸಂಜೆಯವರೆಗೆ ಊರೆಲ್ಲ ಅವರನ್ನು ಮಾತಾಡಿಸುತ್ತದೆ. ಬಸ್ಸು ಯಾವಾಗ, ಎಲ್ಲಿ ನಿಲ್ಲುತ್ತೆ, ಬರುತ್ತೋ ಇಲ್ಲವೋ, ಇಲ್ಲದಿದ್ದರೆ ನೀವು ಇಲ್ಲಿ ಕೂತು ಮಾಡೋದಾದರೂ ಏನು. ಊಟ ಆಯಿತೇ ಎಂದು ಅವರನ್ನು ಕೇಳಿದ ಮಹಾನುಭಾವ ಇನ್ನೂ ಹುಟ್ಟಬೇಕು. ಮದುವೆಯಾಗದೆ ಐವತ್ತು ದಾಟಿದ ಮನುಷ್ಯ, ಸಂಜೆ ಕಿಟಕಿಯ ಬಾಗಿಲೆಳೆದು ಮಹಡಿ ಮೇಲಿನ ಒಂಟಿ ಕೋಣೆಗೆ ಹೋಗುತ್ತಾರೆ, ಬೆಳಿಗ್ಗೆ ಬರುತ್ತಾರೆ. ನಡುವೆ ಅವರು ಒಂದು ಮಾತಾದರೂ ಆಡಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಇಂಥವರು ಒಂದು ದಿನ ಚಹಾದಂಗಡಿಯಲ್ಲಿ ಬಾಯಿ ಬಿಟ್ಟರು. ಅನಾಹುತಕ್ಕೆ ಅದೇ ಮೊದಲು.

ನಿಲ್ದಾಣದ ಹಿಂದಿನ ಹಳೇ ಶೆಡ್ಡಿನಲ್ಲಿ ಗಾಡಿಯವನೊಬ್ಬ ತನ್ನ ಹೆಣ್ಣು ಕುದುರೆ ಕಟ್ಟಿಕೊಂಡಿದ್ದ. ಮರದ ಡಿಪೋದಿಂದ ಹಲಗೆ ಸಾಗಿಸುವುದು ಅವನ ಕಸುಬು. ಅವತ್ತು ಅವನು ಕುದುರೆಯ ಗುಣಗಾನ ಮಾಡುತ್ತಿದ್ದ. ಎಲ್ಲರೂ ಕಿವಿಗೊಟ್ಟಿದ್ದರು. ಮೂಲೆಯಲ್ಲಿ ಕೂತಿದ್ದ ವಿಚಾರಣೆಯವರು, “ಕುದುರೆ ಅಂದ್ರೆ ನಮಗೇನು ಹೊಸದಲ್ಲ. ನಮ್ಮ ತಾತನ ಮನೆ ತುಂಬ ಕುದುರೆ” ಎಂದುಬಿಟ್ಟರು.

ನಿಜಾಂಶ ಏನೆಂದರೆ, ಅವರ ತಾತನ ಮನೆಯ ಗೋಡೆಯ ಮೇಲೆ ಕುದುರೆಯ ಚಿತ್ರವಿದ್ದ ಕ್ಯಾಲೆಂಡರ್ ಇತ್ತು. ಆದರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸಿನ ವಿಷಯ ಬಿಟ್ಟು ಬೇರೆ ವಿಷಯಕ್ಕೆ ಜನ ತಮ್ಮ ಕಡೆ ತಿರುಗಿದ್ದು ಅವರಿಗೆ ತಲೆಗೇರಿತು. “ಕುದುರೆ ಮುಖ ನೋಡಿದ್ರೆ ಸಾಕು, ನೋವು ಎಲ್ಲಿದೆ ಅಂತ ಹೇಳಿಬಿಡ್ತೀನಿ” ಎಂದು ಇನ್ನೊಂದು ಬಿಟ್ಟರು.

ಗಾಡಿಯವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಸ್ವಲ್ಪ ದಿನಕ್ಕೆ ಅವನಿಗೆ ಹರ್ನಿಯಾ ಆಪರೇಷನ್ ಎಂದು ದೊಡ್ಡಾಸ್ಪತ್ರೆಗೆ ಹೋಗುವ ಹಾಗಾಯಿತು. ನೆಟ್ಟಗೆ ವಿಚಾರಣೆಯ ಕಿಟಕಿಗೆ ಬಂದು, ಶೆಡ್ಡಿನ ಬೀಗದ ಕೈ ಒಳಗೆ ತಳ್ಳಿದ. “ಸಾರ್, ನಿಮ್ಮಂಥ ಕುದುರೆ ಬಲ್ಲೋರು ಇರುವಾಗ ನನಗ್ಯಾಕೆ ಚಿಂತೆ. ಹುಲ್ಲು, ಬೂಸಾ, ನೆನೆಸಿದ ಕಡಲೆ, ನೀರು, ಅಷ್ಟೇ. ಅವಳು ಬಹಳ ಸಾಧು.” ಇವರಿಗೆ ಎರಡನೇ ಮಾತಿಗೆ ಅವಕಾಶವೇ ಇರಲಿಲ್ಲ. ಹಿಂದೆ ನಿಂತವನು ಬಸ್ಸು ಕೇಳುತ್ತಿದ್ದ.

ಸಾಧು ಕುದುರೆ ನಾಲ್ಕು ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಮುಂಗಾಲೊಂದನ್ನು ನೆಲಕ್ಕೆ ಸೋಕಿಸದೆ ಮೂರೇ ಕಾಲಿನಲ್ಲಿ ನಿಂತು ನಡುಗುತ್ತಿದೆ. ವಿಚಾರಣೆಯವರು ಚಹಾದಂಗಡಿಯಲ್ಲಿ ಹೇಳಿದ ಪ್ರಕಾರವೇ ಅದರ ಮುಖ ನೋಡಿದರು. ಕುದುರೆಯೂ ಇವರ ಮುಖ ನೋಡಿತು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಕಾಲು ಮುರಿದೇಹೋಗಿದೆ, ಗಾಡಿಯವನ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದುಕೊಂಡರು. ಯಾರಿಗೂ ಹೇಳದೆ ಹೋಗಿ ದನದ ಆಸ್ಪತ್ರೆಯ ಡಾಕ್ಟರಮ್ಮನನ್ನು ಕರೆತಂದರು.

“ಕುದುರೆ ನಿಮ್ಮದಾ?”

“ಅಲ್ಲ ಮೇಡಂ. ನಾನು ಕುದುರೆ ತಿಳಿದವನು.”

“ಒಳ್ಳೇದಾಯ್ತು. ಕಾಲು ಎತ್ತಿ ಹಿಡೀರಿ.”

ವಿಚಾರಣೆಯವರು ಬಗ್ಗಿ, ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ, ಸರಿಯಾಗಿರುವ ಕಾಲನ್ನು ಎತ್ತಲು ಹೊರಟರು. ಡಾಕ್ಟರಮ್ಮ, “ಅದನ್ನೂ ಎತ್ತಿಬಿಟ್ರೆ ಅದು ನಿಮ್ಮ ಹೆಗಲ ಮೇಲೆ ನಿಲ್ಲಬೇಕಾ?” ಎಂದು ಕೇಳಿ ಅವರನ್ನು ಪಕ್ಕಕ್ಕೆ ಸರಿಸಿದರು.

ಡಾಕ್ಟರಮ್ಮ ನೋವಿನ ಕಾಲನ್ನು ಮಂಡಿಗಳ ನಡುವೆ ಹಿಡಿದು, ದೊಡ್ಡ ಇಕ್ಕಳದಲ್ಲಿ ಗೊರಸನ್ನು ಅಲ್ಲಲ್ಲಿ ಅದುಮಿ ನೋಡಿದರು. ಒಂದು ಕಡೆ ಅದುಮಿದಾಗ ಕುದುರೆ ಜಗ್ಗಿ ಎಳೆಯಿತು. “ಮುರಿದಿಲ್ಲ. ಗೊರಸಿನೊಳಗೆ ಕೀವು ಕಟ್ಟಿದೆ. ಹೊರಗೆ ಬರೋಕೆ ದಾರಿ ಇಲ್ಲ, ಅದಕ್ಕೇ ಇಷ್ಟು ನೋವು.” ಅಂಗಾಲಿನಲ್ಲಿ ಕಪ್ಪು ಗೆರೆಯೊಂದು ಕಂಡಿತು. ಬಾಗಿದ ಚಾಕುವಿನಿಂದ ಆ ಗೆರೆಯ ಜಾಡು ಹಿಡಿದು ಸಿಪ್ಪೆ ಸಿಪ್ಪೆಯಾಗಿ ಕೆತ್ತುತ್ತ ಹೋದರು. ಒಳಗಿಂದ ಬೂದು ಬಣ್ಣದ ಕೀವು ಚಿಲ್ಲನೆ ಹಾರಿ, ಏನು ನಡೆಯುತ್ತಿದೆ ಎಂದು ಬಗ್ಗಿ ನೋಡುತ್ತಿದ್ದ ವಿಚಾರಣೆಯವರ ಆಫೀಸು ಪ್ಯಾಂಟಿನ ಮೇಲೆ ಬಿತ್ತು. ಆ ನಾತದ ವರ್ಣನೆ ಬೇಡ. ನಾನು ಹಲಗೆಯ ಈಚೆ ಕೂತು ಸಂಜೆಯವರೆಗೂ ಅನುಭವಿಸಿದ್ದೇನೆ.

ಕುದುರೆ ನಿಟ್ಟುಸಿರಿಟ್ಟು ಗೊರಸಿನ ತುದಿಯನ್ನು ನೆಲಕ್ಕೆ ತಾಗಿಸಿತು.

“ಇನ್ನು ಕೆಲಸ ನಿಮ್ಮದು” ಎಂದರು ಡಾಕ್ಟರಮ್ಮ. “ಬಿಸಿನೀರಿಗೆ ಎಪ್ಸಂ ಉಪ್ಪು ಹಾಕಿ ಮಧ್ಯಾಹ್ನ, ಸಂಜೆ ಗೊರಸು ಮುಳುಗಿಸಿ. ಆಮೇಲೆ ಚೆನ್ನಾಗಿ ಒರೆಸಿ, ಬೂಸಾ ಬಿಸಿನೀರಲ್ಲಿ ಕಲಸಿ ಪಟ್ಟು ಹಾಕಿ. ಪಟ್ಟಿನ ಮೇಲೆ ಮಗುವಿನ ಡೈಪರ್ ಸುತ್ತಿ, ಅದರ ಮೇಲೆ ಅಗಲ ಟೇಪು. ಗೊರಸಿಗೆ ಡೈಪರ್ ಕೂರೋ ಹಾಗೆ ಬೇರೆ ಯಾವುದೂ ಕೂರಲ್ಲ. ಅಸಡ್ಡೆ ಮಾಡಿದ್ರೆ ಕೀವು ಮೇಲಕ್ಕೇರತ್ತೆ. ಆಗ ಗಾಡಿ ಎಳೆಯೋದು ಸದ್ಯಕ್ಕೆ ಮರೆತುಬಿಡಿ.”

ಹೀಗೆ ನಮ್ಮ ವಿಚಾರಣೆಯವರು ಜೀವಮಾನದಲ್ಲಿ ಮೊದಲ ಸಲ ಡೈಪರ್ ಕೊಳ್ಳಲು ಹೊರಟರು.

ಬೀದಿಯ ಮೂಲೆಯ ಮೆಡಿಕಲ್ ಶಾಪಿನವನಿಗೆ ಗಿರಾಕಿಯ ಕಾಯಿಲೆಗಿಂತ ಗಿರಾಕಿಯ ಮನೆ ವಿಚಾರದಲ್ಲಿ ಆಸಕ್ತಿ ಜಾಸ್ತಿ. ಅವನು ಡೈಪರ್ ಕಟ್ಟನ್ನು ಮೇಲಿಂದ ಇಳಿಸಿ ಕೈಯಲ್ಲೇ ಹಿಡಿದುಕೊಂಡು, “ಯಾರಿಗೆ ಸಾರ್?” ಎಂದ. ಕುದುರೆಗೆ ಎಂದರೆ ಕುದುರೆಗೇನಾಯ್ತು ಅನ್ನುತ್ತಾನೆ. ನನ್ನ ಕೈಗೆ ಬಂದು ಕುಂಟಿತು ಎಂದರೆ, ಅದು ಚಹಾದಂಗಡಿಗೆ ತಲುಪಲು ಎಷ್ಟು ಹೊತ್ತು. ವಿಚಾರಣೆಯವರು ಬೆವರಿದರು.

“ಮನೇಲಿ ಮಗು ಬಂದಿದೆಯಾ?” ಮೆಡಿಕಲ್ ಶಾಪಿನವನೇ ದಾರಿ ತೋರಿಸಿದ.

“ಹೂಂ. ಮಗು.”

“ಯಾರ ಮಗು?”

“ಅಕ್ಕನ ಮಗಳದ್ದು. ಅವಳಿಗೆ ಹುಷಾರಿಲ್ಲ. ಸ್ವಲ್ಪ ದಿನ ನನ್ನ ಹತ್ರ ಬಿಟ್ಟಿದ್ದಾರೆ.”

ಸುಳ್ಳು ಅಷ್ಟೇ. ಆದರೆ ಮೆಡಿಕಲ್ ಶಾಪಿನವನ ಮುಖ ಅರಳಿದ ರೀತಿ ನೋಡಬೇಕಿತ್ತಂತೆ. ಕೌಂಟರು ದಾಟಿ ಬಂದು ಇವರ ಕೈ ಕುಲುಕಿದ. ಇಷ್ಟು ವರ್ಷ ತಲೆನೋವಿನ ಮಾತ್ರೆ ಕೊಂಡ ಇವರಿಗೆ ಅವನು ಒಂದು ಸಲವೂ ಕೈ ಕೊಟ್ಟವನಲ್ಲ. ವಿಚಾರಣೆಯವರು ಮನೆ ತಲುಪುವ ಮೊದಲೇ ಸುದ್ದಿ ಅವರ ಮಹಡಿ ಹತ್ತಿ ಕೂತಿತ್ತು.

ಮೊದಲು ಬಂದವರು ಕೆಳಗಿನ ಮನೆಯ ಓನರಮ್ಮ. ಮಂಡಿ ನೋವೆಂದು ವರ್ಷಗಳಿಂದ ಆ ಮೆಟ್ಟಿಲು ಹತ್ತದವರು, ಕೆಳಗೆ ನಿಂತೇ ಬಾಡಿಗೆ ಕೂಗುವವರು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ವಿಚಾರಣೆಯವರು ಗಾಬರಿಯಲ್ಲಿ ಕೋಣೆಯ ಮೂಲೆಗೆ ಅಡ್ಡ ಕಟ್ಟಿದ್ದ ಪರದೆಯ ಕಡೆ ಕೈ ತೋರಿಸಿ, “ಶ್, ಈಗ ತಾನೇ ಮಲಗಿತು” ಎಂದರು.

“ಹೆಣ್ಣೋ ಗಂಡೋ?”

“ಹೆಣ್ಣು.”

“ಏನು ಕೊಡ್ತೀರಿ ತಿನ್ನೋಕೆ?”

ತಲೆಯಲ್ಲಿ ಶೆಡ್ಡೇ ತುಂಬಿತ್ತು. “ನೆನೆಸಿದ ಕಡಲೆ” ಎಂದರು.

“ಕಡಲೆನಾ? ಹಲ್ಲು ಬಂದಿದೆಯಾ?”

“ಎಲ್ಲಾ ಬಂದಿದೆ.”

ಓನರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಇಳಿದು ಹೋದರು. ಆದರೆ ಸಂಜೆ ಮತ್ತೆ ಹತ್ತಿ ಬಂದರು, ಜೊತೆಗೆ ಎದುರುಮನೆ ಟೈಲರನ್ನೂ ಕರೆತಂದರು. ಟೈಲರು ಹೂವಿನ ಬಟ್ಟೆಯಲ್ಲಿ ಅಂಗೈಯಗಲದ ಫ್ರಾಕು ಹೊಲಿದು ತಂದಿದ್ದ. ಮಾರನೇ ದಿನ ನನ್ನ ಹೆಂಡತಿ ಒಂದು ಉಲ್ಲನ್ ಟೋಪಿ ಹಿಡಿದುಕೊಂಡು, ನನ್ನನ್ನೂ ಹಿಡಿದುಕೊಂಡು ಹೊರಟಳು.

ಆ ಕೋಣೆಯನ್ನು ನಾನು ಕಂಡಿದ್ದು ಅವತ್ತೇ. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಓನರಮ್ಮ, ಟೈಲರು ಅವತ್ತೂ ಬಂದಿದ್ದರು, ಒಟ್ಟು ನಾವು ನಾಲ್ಕು ಜನ ಇದ್ದೆವು. ವಿಚಾರಣೆಯವರು ಓನರಮ್ಮನಿಗೆ ಚಹಾ ಕೊಟ್ಟರು, ಅವರು ಕುಡಿದ ಮೇಲೆ ಲೋಟ ತೊಳೆದು ನನ್ನ ಹೆಂಡತಿಗೆ ಕೊಟ್ಟರು, ಅವಳು ಕುಡಿದ ಮೇಲೆ ತೊಳೆದು ಟೈಲರಿಗೆ ಕೊಟ್ಟರು. ನನ್ನ ಸರದಿ ಬರುವ ಹೊತ್ತಿಗೆ ಚಹಾ ತಣ್ಣಗಾಗಿತ್ತು, ಮತ್ತು ನಾನು ಅದನ್ನು ಹೇಳಿದೆ. ಅವರಿಗೆ ಅದು ಕೇಳಿಸಲೇ ಇಲ್ಲ. ಮುಖದಲ್ಲಿ ಅಂಥ ಸಂಭ್ರಮ. ಹೊರಡುತ್ತೇವೆ ಎಂದಾಗ, “ಇನ್ನೂ ಒಂದು ಸ್ವಲ್ಪ ಕೂತ್ಕೊಳ್ಳಿ, ಏಳೋ ಹೊತ್ತಾಯ್ತು” ಎಂದು ಪರದೆಯ ಕಡೆ ನೋಡಿದರು. ಕೂತೆವು. ಮಗು ಏಳಲಿಲ್ಲ. ಮರುದಿನ ಅವರು ಬಜಾರಿಗೆ ಹೋಗಿ ಎರಡು ಕುರ್ಚಿ, ಆರು ಲೋಟ ತಂದರು.

ಕಿಟಕಿಯ ಹತ್ತಿರ ಸಾಲಿನ ಸ್ವರೂಪವೇ ಬದಲಾಯಿತು. ಡ್ರೈವರುಗಳು, ಹಮಾಲಿಗಳು, ಪೇಪರ್ ಮಾರುವವಳು, ಎಲ್ಲರಿಗೂ ಮಗುವಿನದೇ ವಿಚಾರಣೆ. ಬಸ್ಸು ಕೇಳಲು ಬಂದವರು ಕಾಯಬೇಕಾಯಿತು. ಒಂದು ಸುಳ್ಳು ಹೇಳಿದ ಮೇಲೆ ಇನ್ನು ನಿಜ ಹೇಳಿದರಾಯಿತು ಎಂದು ಅವರಿಗೆ ಅನಿಸಿತ್ತೋ ಏನೋ, ಉತ್ತರಗಳೆಲ್ಲ ಶೆಡ್ಡಿನಿಂದ ನೇರವಾಗಿ ಬರುತ್ತಿದ್ದವು.

“ಮಗು ಹೇಗಿದೆ ಸಾರ್?”

“ಪರವಾಗಿಲ್ಲ. ನಿನ್ನೆ ನಿಂತೇ ನಿದ್ದೆ ಮಾಡಿತು.”

“ಹಠ ಮಾಡತ್ತಾ?”

“ಬಾಲ...” ಎಂದು ನಾಲಿಗೆ ಕಚ್ಚಿಕೊಂಡು, “ಬಾಳ ಸಾಧು” ಎಂದರು.

ಅನುಮಾನ ಶುರುವಾಗಿದ್ದು ಓನರಮ್ಮನಿಗೆ. ಮಗು ಅಂದಮೇಲೆ ಅಳಬೇಕು. ಇಡೀ ದಿನ ಬೀಗ ಹಾಕಿಕೊಂಡು ಹೋದರೂ ಇದು ಅಳುವುದಿಲ್ಲ, ನಗುವುದಿಲ್ಲ, ತಿನ್ನುವುದು ಕಡಲೆ. ಮೇಲಾಗಿ ವಿಚಾರಣೆಯವರು ಮಧ್ಯಾಹ್ನವಾದರೆ ಸಾಕು, ಬಿಸಿನೀರಿನ ಕ್ಯಾನು, ಡೈಪರ್ ಕಟ್ಟು ಹಿಡಿದುಕೊಂಡು ಎಲ್ಲಿಗೋ ಹೋಗುತ್ತಾರೆ. ಬರುವಾಗ ಮೈಯೆಲ್ಲ ಲದ್ದಿ ವಾಸನೆ. ಒಂದು ದಿನ ಅವರಿಲ್ಲದಾಗ ಓನರಮ್ಮ ತಮ್ಮ ಹತ್ತಿರವಿದ್ದ ಕೀಲಿಯಲ್ಲಿ ಬಾಗಿಲು ತೆಗೆದು ಪರದೆ ಸರಿಸಿದರು. ಅಲ್ಲಿ ಒಂದು ಮೂಟೆ ಬೂಸಾ ಇತ್ತು, ಅದರ ಮೇಲೆ ಮಡಿಸಿಟ್ಟ ಫ್ರಾಕು, ಟೋಪಿ. ಓನರಮ್ಮ ಕಿರುಚಿದ್ದು ಮೆಡಿಕಲ್ ಶಾಪಿನವರೆಗೆ ಕೇಳಿಸಿತಂತೆ.

ಇದರ ಜೊತೆಗೆ ಇನ್ನೊಂದು ಬಾಂಬು ಬೇರೆ ದಾರಿಯಲ್ಲಿ ಬರುತ್ತಿತ್ತು. ವಿಚಾರಣೆಯವರ ಅಕ್ಕ ಇರುವ ಊರಿಗೆ ಹೋಗುವ ಬಸ್ಸಿನ ಕಂಡಕ್ಟರು, ಒಳ್ಳೆಯ ಮನಸ್ಸಿನಿಂದಲೇ, ಅಕ್ಕನ ಮನೆ ಬಾಗಿಲಿಗೆ ಹೋಗಿ ಮೊಮ್ಮಗಳು ಹುಟ್ಟಿದ್ದಕ್ಕೆ ಸಂತೋಷ ಎಂದು ಹೇಳಿ ಬಂದಿದ್ದ.

ಅವತ್ತು ಮಧ್ಯಾಹ್ನ ನನ್ನ ಕಿಟಕಿಯ ಮುಂದೆ ಒಂದು ಕಡೆಯಿಂದ ಓನರಮ್ಮ, ಟೈಲರು, ಮೆಡಿಕಲ್ ಶಾಪಿನವನು, ಒಬ್ಬ ಪೊಲೀಸ್ ಪೇದೆ ಬಂದರು. ಇನ್ನೊಂದು ಕಡೆಯಿಂದ ಕೈಚೀಲ ಹಿಡಿದ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಸ್ಸಿಳಿದು ಬಂದರು. ಪಕ್ಕದ ಕಿಟಕಿ ಖಾಲಿ.

“ವಿಚಾರಣೆ ಎಲ್ಲಿ?” ಎಲ್ಲರೂ ಒಟ್ಟಿಗೆ ಕೇಳಿದರು.

“ನನ್ನದು ಪಾಸು” ಎಂದೆ. ನಿಯಮ ನಿಯಮವೇ.

“ನಾನು ಅವನ ಅಕ್ಕ” ಎಂದರು ಆ ಹೆಂಗಸು.

ಓನರಮ್ಮ ಅವರ ಎರಡೂ ಕೈ ಹಿಡಿದುಕೊಂಡರು. “ಅಯ್ಯೋ, ನೀವೇನಾ ಮಗುವಿನ ಅಜ್ಜಿ?”

“ಯಾರ ಅಜ್ಜಿ? ನನ್ನ ಮಗಳು ಹಾಸ್ಟೆಲಲ್ಲಿ ಓದ್ತಾ ಇದಾಳೆ. ಅವಳಿಗೆ ಮದುವೆನೇ ಆಗಿಲ್ಲ. ಅವಳಿಗೆ ಮಗು ಹುಟ್ಟಿಸಿದ ಆ ಮಹಾಶಯ ಎಲ್ಲಿ, ಅವನನ್ನು ಹೊರಗೆ ಕರೀರಿ.”

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಬಸ್ಸು ಮರೆತರು. ಪೇದೆ ಓನರಮ್ಮನನ್ನು, “ಮೂಟೆ ಬಿಚ್ಚಿ ನೋಡಿದ್ರಾ?” ಎಂದು ಗಂಭೀರವಾಗಿ ಕೇಳಿದರು. “ಬೂಸಾ ಸಾರ್. ಬರೀ ಬೂಸಾ” ಎಂದು ಓನರಮ್ಮ ಅತ್ತರು. ವಿಚಾರಣೆಯವರು ಮಧ್ಯಾಹ್ನದ ಹೊತ್ತು ಹಿಂದಿನ ಶೆಡ್ಡಿನ ಕಡೆ ಹೋಗುತ್ತಾರೆ ಎಂದು ಹೇಳಿದ್ದು ನಾನೇ. ಹೇಳಿದ ಮೇಲೆ ಕಿಟಕಿ ಮುಚ್ಚಿ ನಾನೂ ಹೊರಟೆ. ಹೋಗದೆ ಇರಲು ನಾನೇನು ಕಲ್ಲೇ.

ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಪೇದೆ ತುಟಿಗೆ ಬೆರಳಿಟ್ಟು ನಮ್ಮನ್ನೆಲ್ಲ ನಿಲ್ಲಿಸಿದರು. ಒಳಗಿಂದ ವಿಚಾರಣೆಯವರ ದನಿ ಕೇಳುತ್ತಿತ್ತು. ಹಲಗೆಯಾಚೆ ಕೂತು ಇಷ್ಟು ವರ್ಷ ಅವರು ನನ್ನ ಹತ್ತಿರ ಒಟ್ಟಾರೆ ಆಡಿದ್ದಕ್ಕಿಂತ ಜಾಸ್ತಿ ಮಾತು ಅಲ್ಲಿ ಆಡುತ್ತಿದ್ದರು.

“...ಪೇಪರಿನವಳೂ ಕೇಳಿದಳು ನಿನ್ನ. ಟೈಲರು ಇನ್ನೊಂದು ಫ್ರಾಕು ಹೊಲೀತಾರಂತೆ. ನೀನು ಬೇಗ ವಾಸಿಯಾಗಬೇಡ ಅನ್ನೋಕೂ ಆಗಲ್ಲ, ಪಾಪ ನಿನ್ನ ನೋವು ನಿನಗೆ. ವಾಸಿಯಾದ್ರೆ ಇವರ್ಯಾರೂ ಬರಲ್ಲ, ತಿಳ್ಕೋ. ಓನರಮ್ಮ ಅಂತೂ ಮೆಟ್ಟಿಲು ಹತ್ತಲ್ಲ. ಆರು ಲೋಟ ತಂದು ಕೂತಿದೀನಿ ನಾನು.”

ಪೇದೆ ಬಾಗಿಲು ತಳ್ಳಿದರು. ವಿಚಾರಣೆಯವರು ಪ್ಯಾಂಟು ಮಡಿಸಿಕೊಂಡು ಡಬ್ಬದ ಮೇಲೆ ಕೂತಿದ್ದರು. ಕುದುರೆಯ ಮುಂಗಾಲು ಬಿಸಿನೀರಿನ ಬಕೆಟ್ಟಿನಲ್ಲಿತ್ತು. ಪಕ್ಕದಲ್ಲಿ ಹೊಸ ಡೈಪರ್ ಬಿಡಿಸಿಟ್ಟಿತ್ತು.

“ಮಗು ಎಲ್ಲಿ?” ಪೇದೆ ಗುಡುಗಿದರು.

ವಿಚಾರಣೆಯವರು ಎದ್ದು ನಿಂತು, ಎಲ್ಲರ ಮುಖವನ್ನೂ ಒಂದು ಸಲ ನೋಡಿ, ಬಕೆಟ್ಟಿನ ಕಡೆ ಕೈ ತೋರಿಸಿದರು.

ಪೇದೆ ನಿಜಕ್ಕೂ ಹೋಗಿ ಬಕೆಟ್ಟಿನೊಳಗೆ ಇಣುಕಿದರು. ಕುದುರೆ ಬೆದರಿ ಕಾಲು ಎಳೆದುಕೊಂಡಿತು, ಬಕೆಟ್ಟು ಉರುಳಿತು, ಪೇದೆಯ ಬೂಟು ತೊಯ್ದಿತು. ಆ ಗಲಾಟೆಯಲ್ಲಿ ವಿಚಾರಣೆಯವರು ಕುದುರೆಯ ಹಗ್ಗವನ್ನು ಹತ್ತಿರವಿದ್ದವನ ಕೈಗೆ ತುರುಕಿ ಬಕೆಟ್ಟು ಹಿಡಿಯಲು ಓಡಿದರು. ಹತ್ತಿರವಿದ್ದವನು ನಾನು. ಬಿಟ್ಟರೆ ತುಳಿಯುತ್ತದೆ, ಹಿಡಿದರೆ ಕಚ್ಚುತ್ತದೆ ಎಂದು ಕಣ್ಣು ಮುಚ್ಚಿ ನಿಂತೆ.

ನಿಜ ಹೊರಬಿತ್ತು. ಮೊದಲು ಮೆಡಿಕಲ್ ಶಾಪಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಎಲ್ಲರಿಗೂ ಅಂಟಿತು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. “ನನ್ನ ಮಂಡಿ ಸವೆದುಹೋಯ್ತಲ್ರೀ ನಿಮ್ಮ ಕುದುರೆಗೋಸ್ಕರ” ಎಂದರು ಓನರಮ್ಮ. ಟೈಲರು ಫ್ರಾಕು ವಾಪಸು ಬೇಕೆಂದ. ಪೇದೆ, ಇಲ್ಲದ ಮಗು ಕಾಣೆಯಾದರೆ ಅದನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂದು ಗೊಣಗುತ್ತ ಬೂಟು ಒದರಿದರು. ಒಬ್ಬೊಬ್ಬರಾಗಿ ಹೋದರು. ವಿಚಾರಣೆಯವರು ಪ್ರತಿಯೊಬ್ಬರಿಗೂ, “ಬಿಡುವಾದಾಗ ಬನ್ನಿ” ಎಂದರು. ಬರುತ್ತೇನೆ ಅಂದವರು ಯಾರೂ ಇಲ್ಲ.  ಹಗ್ಗ ಕೈಯಲ್ಲಿದ್ದುದರಿಂದ ನಾನು ಹೋಗುವ ಹಾಗಿರಲಿಲ್ಲ.

ಅಕ್ಕ ಮಾತ್ರ ಬಾಗಿಲಲ್ಲೇ ನಿಂತಿದ್ದರು.

“ಸುಳ್ಳು ಹೇಳೋಕೆ ನನ್ನ ಮಗಳೇ ಬೇಕಿತ್ತೇನೋ ನಿನಗೆ?”

“ಇನ್ಯಾರ ಹೆಸರು ಹೇಳಲಿ ಅಕ್ಕ? ನನಗೆ ಇರೋದು ನೀವಿಬ್ಬರೇ.”

 ವಿಚಾರಣೆಯವರು ಬೆನ್ನು ತಿರುಗಿಸಿ, ಗೊರಸು ಒರೆಸಿ, ಬೂಸಾ ಪಟ್ಟು ಮೆತ್ತಿ, ಡೈಪರ್ ಸುತ್ತತೊಡಗಿದರು. ಟೇಪು ಬೆರಳಿಗೇ ಅಂಟುತ್ತಿತ್ತು. ಅಕ್ಕ ಹತ್ತಿರ ಬಂದು ಬಗ್ಗಿ ನೋಡಿದರು.

“ದಿನಾ ಹೀಗೇ ಹಾಕ್ತೀಯಾ?”

“ಹೂಂ.”

“ಅದಕ್ಕೇ ಗಾಯ ಒಣಗಿಲ್ಲ. ಒಳಗಿನ ಮೈ ಹೊರಗೆ ಮಾಡಿ ಕಟ್ಟಿದೀಯ. ನೀರು ಹೀರೋ ಹತ್ತಿ ಇರೋ ಕಡೆ ಗೊರಸಿಗೆ ತಾಗಬೇಕು ಕಣೋ. ಇಷ್ಟು ವಯಸ್ಸಾಗಿದೆ, ಒಂದು ಡೈಪರ್ ಹಾಕೋಕೆ ಬರಲ್ಲ.”

ಕುದುರೆ ತಿಳಿದವರು ಪಕ್ಕಕ್ಕೆ ಸರಿದರು. ಅಕ್ಕ ಚೀಲ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಕುಕ್ಕರಗಾಲಲ್ಲಿ ಕೂತು ಡೈಪರ್ ಬಿಚ್ಚಿ, ತಿರುಗಿಸಿ, ಎರಡೂ ಕಡೆಯ ಪಟ್ಟಿ ಎಳೆದು ಬಿಗಿದರು. ವಿಚಾರಣೆಯವರು ಟೇಪು ಹಿಡಿದುಕೊಟ್ಟರು, ಅಕ್ಕ ಸುತ್ತಿದರು. ಕುದುರೆ ಆ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟು, ಸ್ವಲ್ಪ ಸ್ವಲ್ಪವಾಗಿ ಭಾರ ಬಿಟ್ಟು ನೋಡಿ, ನಾಲ್ಕೂ ಕಾಲಿನ ಮೇಲೆ ನಿಂತಿತು.

“ಸರಿ, ನಾನಿನ್ನು ಹೊರಡ್ತೀನಿ” ಎಂದು ಅಕ್ಕ ಎದ್ದರು. “ಊರಿಗೆ ಬಸ್ಸು ಯಾವಾಗಿದೆ?”

“ಇವತ್ತಿಗೆ ಇನ್ನಿಲ್ಲ” ಎಂದರು ವಿಚಾರಣೆಯವರು.

ಅಂಗಳದಲ್ಲಿ ಇನ್ನೂ ಮಟಮಟ ಬಿಸಿಲು. ಗೋಡೆಯಾಚೆ ನಿಲ್ದಾಣದಲ್ಲಿ ಕಂಡಕ್ಟರು ಅಕ್ಕನ ಊರಿನ ಹೆಸರನ್ನೇ ಗಂಟಲು ಕಿತ್ತುಹೋಗುವ ಹಾಗೆ ಕೂಗುತ್ತಿದ್ದ. ಸೀಟಿದೆ, ಬನ್ನಿ ಬನ್ನಿ ಎಂದೂ ಕೂಗಿದ. ನನಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿತು, ಅವರು ಗೋಡೆಯ ಕಡೆ ಒಂದು ಸಲ ತಿರುಗಿ ನೋಡಿದರು. ಆಮೇಲೆ ತಮ್ಮನ ಮುಖ ನೋಡಿದರು. ವಿಚಾರಣೆಯವರು ಬೆರಳಿಗಂಟಿದ ಟೇಪನ್ನು ಬಹಳ ಗಮನವಿಟ್ಟು ಬಿಡಿಸಿಕೊಳ್ಳುತ್ತಿದ್ದರು. ಬಸ್ಸು ಹೊರಟಿತು. ಅದರ ಸದ್ದು ಪೂರ್ತಿ ಕರಗಿದ ಮೇಲೆ ಅಕ್ಕ ಚೀಲವನ್ನು ಡಬ್ಬದ ಮೇಲಿಟ್ಟರು.

“ಹಾಗಾದ್ರೆ ನಾಳೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟಕ್ಕೆ?”

ವಿಚಾರಣೆಯವರು ತಲೆ ಎತ್ತಲಿಲ್ಲ.

“ಗೊತ್ತಿಲ್ಲ ಅಕ್ಕ” ಎಂದರು. “ವಿಚಾರಿಸಬೇಕು.”